ಬೆಕ್ಕಿನ ಶೀತಕ್ಕೆ ಗೂಡಿನ ಮಾತ್ರೆ ಬೇಡ

ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆಯೆಂದು ಬೇಲಿಗೆ ಫಲಕ ಕಟ್ಟುವ ರೂಢಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ತೋಟದ ಕಾವಲು ಹಾಗಾಯಿತು. ಅಟ್ಟದ ಮೇಲಿನ ಅಡಿಕೆ ಚೀಲ, ಪಣತದ ಭತ್ತ, ಕೊಟ್ಟಿಗೆಯ ಹಿಂಡಿ ಇವುಗಳ ಕಾವಲು ಯಾರದು? ಮನೆಯ ಬೆಕ್ಕಿನದು. ಇಲಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಅದರ ಮೂತ್ರದಿಂದ ಇಲಿಜ್ವರ ಹರಡುತ್ತದೆಂಬುದೂ ನಿಮಗೆ ತಿಳಿದ ವಿಷಯವೇ. ಸಂಬಳವಿಲ್ಲದೆ ರಾತ್ರಿಯೆಲ್ಲ ದುಡಿಯುವ ಈ ಪ್ರಾಣಿಯ ಆರೋಗ್ಯದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಕಡಿಮೆ.

ಹಸುವಿಗೆ ಕಾಯಿಲೆಯಾದರೆ ನಾವು ಪಶುವೈದ್ಯರನ್ನು ಕರೆಯುತ್ತೇವೆ. ಬೆಕ್ಕಿಗೆ ಕಾಯಿಲೆಯಾದರೆ ಗೋಡೆಯ ಗೂಡಿನಲ್ಲಿ ಉಳಿದಿರುವ ಮಾತ್ರೆ ಹುಡುಕುತ್ತೇವೆ. ಈ ಅಭ್ಯಾಸದಿಂದ ಬೆಕ್ಕಿಗೂ ಅಪಾಯ, ಮನೆಯ ಮಕ್ಕಳಿಗೂ ಅಪಾಯ, ಕೊಟ್ಟಿಗೆಯ ದನಗಳಿಗೂ ಅಪಾಯ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಾತ್ರೆಗೆ ಸಲ್ಲದ ಕೀರ್ತಿ

ಆಷಾಢದ ಮಳೆ ಹಿಡಿದಿದೆ ಎಂದುಕೊಳ್ಳಿ. ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿದ್ದ ಬೆಕ್ಕು ಸೀನತೊಡಗುತ್ತದೆ. ಕಣ್ಣು, ಮೂಗಿನಲ್ಲಿ ನೀರು. ಮೂರನೆಯ ದಿನ ಆ ನೀರು ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗುತ್ತದೆ. ಕಳೆದ ತಿಂಗಳು ಮಗುವಿನ ಗಂಟಲು ನೋವಿಗೆ ತಂದ ಮಾತ್ರೆಯಲ್ಲಿ ನಾಲ್ಕು ಉಳಿದಿವೆ. ಅರ್ಧ ಮುರಿದು, ಪುಡಿ ಮಾಡಿ, ಹಾಲಿನಲ್ಲಿ ಬೆರೆಸಿ ಕುಡಿಸುತ್ತೀರಿ. ಎರಡು ದಿನ ಕೊಟ್ಟ ಮೇಲೆ ಮಾತ್ರೆ ಮುಗಿಯುತ್ತದೆ, ಅಥವಾ ಮರೆತುಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಬೆಕ್ಕು ಮೊದಲಿನಂತೆ ಅಟ್ಟ ಹತ್ತುತ್ತದೆ. ಮಾತ್ರೆಯಿಂದ ಗುಣವಾಯಿತೆಂದು ಅಕ್ಕಪಕ್ಕದ ಮನೆಯವರಿಗೂ ಹೇಳುತ್ತೀರಿ.

ಮಾತ್ರೆ ಕೊಡದಿದ್ದರೂ ಆ ಬೆಕ್ಕು ಬಹುಮಟ್ಟಿಗೆ ಅಷ್ಟೇ ದಿನಗಳಲ್ಲಿ ಗುಣವಾಗುತ್ತಿತ್ತು. ಮಾತ್ರೆ ಆ ಶೀತಕ್ಕೆ ಏನನ್ನೂ ಮಾಡಲಿಲ್ಲ. ಬೇರೆ ಒಂದು ಕೆಲಸ ಮಾಡಿತು. ಅದೇನೆಂದು ತಿಳಿಯಬೇಕಾದರೆ ಶೀತದ ಕಾರಣ ತಿಳಿಯಬೇಕು.

ಬೆಕ್ಕಿನ ಶೀತಕ್ಕೆ ಕಾರಣ

ಬೆಕ್ಕುಗಳಲ್ಲಿ ಕಾಣುವ ಶೀತದಲ್ಲಿ ಬಹುಪಾಲು ಎರಡು ವೈರಸ್‌ಗಳಿಂದ ಬರುವಂಥದು. ಒಂದು ಬೆಕ್ಕಿನ ಹರ್ಪಿಸ್ ವೈರಸ್. ಇದರಿಂದ ವಿಪರೀತ ಸೀನು, ಕಣ್ಣು ಕೆಂಪಾಗುವುದು, ಕಣ್ಣಿನ ಪಾಪೆಯ ಮೇಲೆ ಹುಣ್ಣು ಉಂಟಾಗುತ್ತವೆ. ಇನ್ನೊಂದು ಕ್ಯಾಲಿಸಿ ವೈರಸ್. ಇದರಿಂದ ನಾಲಿಗೆ ಮತ್ತು ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಯುತ್ತದೆ. ಕೆಲವು ಬೆಕ್ಕುಗಳು ಕುಂಟುವುದೂ ಉಂಟು. ಈ ಎರಡೂ ವೈರಸ್‌ಗಳು ಮನುಷ್ಯರಿಗೆ ತಗಲುವುದಿಲ್ಲ.

ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರೆ ಬೆಕ್ಕಿನ ನರದ ಬುಡದಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಮರಿ ಹಾಕಿದಾಗ, ಮನೆ ಬದಲಾದಾಗ, ಮೈ ಸೊರಗಿದಾಗ ಮತ್ತೆ ತಲೆಯೆತ್ತುತ್ತದೆ. ಪ್ರತಿ ಮಳೆಗಾಲ ನಮ್ಮ ಬೆಕ್ಕಿಗೆ ಶೀತ ತಪ್ಪಿದ್ದಲ್ಲ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ.

ಜೀವಿರೋಧಕ ಔಷಧಿ, ಅಂದರೆ ನಾವೆಲ್ಲ ಆಂಟಿಬಯಾಟಿಕ್ ಎಂದು ಕರೆಯುವ ಔಷಧಿ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ವೈರಸ್‌ಗೆ ಅದು ನಾಟುವುದಿಲ್ಲ. ಮಲೆನಾಡಿನ ಜನ ಈ ಪಾಠವನ್ನು ಕಷ್ಟದಿಂದ ಕಲಿತವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ವೈರಸ್‌ನಿಂದ ಬರುವಂಥದು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಅದು ಜೀವಗಳನ್ನು ತೆಗೆದುಕೊಂಡಾಗ ಯಾವ ಆಂಟಿಬಯಾಟಿಕ್ಕೂ ಅದನ್ನು ತಡೆಯುವಂತಿರಲಿಲ್ಲ.

ತೋಟದ ಉದಾಹರಣೆಯೂ ಇದೆ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೀರಿ, ಫಲ ಸಿಗುತ್ತದೆ. ಅದೇ ದ್ರಾವಣವನ್ನು ಹಳದಿ ಎಲೆ ರೋಗದ ಮರಕ್ಕೆ ಸಿಂಪಡಿಸಿದರೆ ಮೈಲುತುತ್ತ, ಸುಣ್ಣ, ಕೂಲಿ ಮೂರೂ ವ್ಯರ್ಥ. ಎರಡರ ಕಾರಣ ಬೇರೆ, ಆದ್ದರಿಂದ ಉಪಾಯವೂ ಬೇರೆ. ಬೆಕ್ಕಿನ ಶೀತಕ್ಕೂ ಇದೇ ಮಾತು.

ಬ್ಯಾಕ್ಟೀರಿಯಾಗಳ ಪಾತ್ರ

ಹಾಗಾದರೆ ಬೆಕ್ಕಿನ ಉಸಿರಾಟದ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಪಾತ್ರವೇ ಇಲ್ಲವೆ? ಇದೆ. ಮುಖ್ಯವಾದವು ನಾಲ್ಕು.

ಮೊದಲನೆಯದು ಬಾರ್ಡಟೆಲ್ಲಾ. ಮಕ್ಕಳಿಗೆ ನಾಯಿಕೆಮ್ಮು ತರುವ ರೋಗಾಣುವಿನ ಸಮೀಪದ ಬಂಧು. ನಾಯಿಗಳಲ್ಲಿ ಒಣ ಕೆಮ್ಮು ತರುತ್ತದೆ. ನಾಯಿಯಿಂದ ಬೆಕ್ಕಿಗೆ, ಬೆಕ್ಕಿನಿಂದ ನಾಯಿಗೆ ದಾಟುತ್ತದೆ. ಚಿಕ್ಕ ಮರಿಗಳಲ್ಲಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಎರಡನೆಯದು ಕ್ಲಮಿಡಿಯಾ. ಮೊದಲು ಒಂದು ಕಣ್ಣು ಊದಿ ಕೆಂಪಾಗುತ್ತದೆ, ಕೆಲವು ದಿನಗಳಲ್ಲಿ ಇನ್ನೊಂದಕ್ಕೂ ಹರಡುತ್ತದೆ.

ಮೂರನೆಯದು ಮೈಕೋಪ್ಲಾಸ್ಮಾ. ಉಳಿದ ಬ್ಯಾಕ್ಟೀರಿಯಾಗಳಿಗೆ ಇರುವಂತಹ ಹೊರಗೋಡೆ ಇದಕ್ಕಿಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಮೊದಲಾದ ಔಷಧಿಗಳು ಬ್ಯಾಕ್ಟೀರಿಯಾದ ಆ ಗೋಡೆಯನ್ನೇ ಕೆಡಹುವಂಥವು. ಗೋಡೆಯೇ ಇಲ್ಲದ ಮೇಲೆ ಕೆಡಹುವುದೇನನ್ನು? ಎಷ್ಟು ದಿನ ಕೊಟ್ಟರೂ ಅಷ್ಟೆ.

ನಾಲ್ಕನೆಯದು ಪಾಶ್ಚುರೆಲ್ಲಾ. ದನ ಎಮ್ಮೆಗಳಿಗೆ ಗಳಲೆ ರೋಗ ತರುವುದು ಇದೇ ಜಾತಿಯ ಬೇರೊಂದು ತಳಿ. ಆರೋಗ್ಯವಾಗಿರುವ ಬೆಕ್ಕಿನ ಬಾಯಲ್ಲೂ ಇದು ಸದಾ ಮನೆಮಾಡಿಕೊಂಡಿರುತ್ತದೆ. ವೈರಸ್‌ನಿಂದ ಮೂಗಿನ ಒಳಪದರ ಹಣ್ಣಾದಾಗ ಸಮಯ ಸಾಧಿಸಿ ಒಳನುಗ್ಗುತ್ತದೆ. ಬೇಲಿ ಮುರಿದ ಗದ್ದೆಗೆ ದನ ನುಗ್ಗಿದಂತೆ.

ಈ ನಾಲ್ಕರಲ್ಲಿ ಯಾವುದಿದೆ, ಅಥವಾ ಯಾವುದೂ ಇಲ್ಲವೇ ಎಂಬುದನ್ನು ಮೂಗಿನ ಸಿಂಬಳದ ಬಣ್ಣ ನೋಡಿ ಹೇಳಲಾಗದು. ಬರಿಯ ವೈರಸ್ ಶೀತದಲ್ಲೂ ಸಿಂಬಳ ಹಳದಿಯಾಗಬಹುದು.

ಔಷಧಿಗೆ ಬಗ್ಗದ ರೋಗಾಣು

ಈಗ ಆ ಅರ್ಧ ಮಾತ್ರೆ ಮಾಡಿದ ಕೆಲಸಕ್ಕೆ ಬರೋಣ. ಬೆಕ್ಕಿನ ಬಾಯಿ, ಮೂಗು, ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಕೆಲವೇ ಕೆಲವಕ್ಕೆ ಆ ಔಷಧಿಯನ್ನು ತಡೆದುಕೊಳ್ಳುವ ಗುಣ ಇರುತ್ತದೆ: ಕೆಲವು ಔಷಧಿಯನ್ನು ಒಡೆದು ಹಾಕುತ್ತವೆ, ಕೆಲವು ಒಳಗೆ ಬಂದದ್ದನ್ನು ಹೊರಗೆ ತಳ್ಳುತ್ತವೆ. ಮಾತ್ರೆ ಹೊಟ್ಟೆಗೆ ಹೋದಾಗ ಬಡಪಾಯಿಗಳು ಸಾಯುತ್ತವೆ, ಗಟ್ಟಿಗವು ಉಳಿಯುತ್ತವೆ. ಉಳಿದವಕ್ಕೆ ಜಾಗವೂ ಆಹಾರವೂ ಧಾರಾಳ. ಅನುಕೂಲ ದೊರೆತರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ.

ಬೀಜಕ್ಕಾಗಿ ನಾವು ಒಳ್ಳೆಯ ತೆನೆಯನ್ನು ಆರಿಸಿಡುತ್ತೇವಲ್ಲವೆ? ಇಲ್ಲಿ ಕೆಟ್ಟ ತೆನೆಯನ್ನು ಆರಿಸಿ ಬಿತ್ತಿದಂತಾಯಿತು. ಇಷ್ಟೇ ಅಲ್ಲ. ಔಷಧಿ ತಡೆಯುವ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ದಾಟಿಸಬಲ್ಲದು. ನಿರುಪದ್ರವಿ ಕಲಿತ ವಿದ್ಯೆ ಉಪದ್ರವಿಯ ಕೈಸೇರುತ್ತದೆ.

ಇದು ಹೊಸದಾಗಿ ತಿಳಿದ ಸಂಗತಿಯಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ, ಜನರು ಸಾಲದಷ್ಟು ಪ್ರಮಾಣದಲ್ಲಿ ತಾವೇ ಔಷಧಿ ತೆಗೆದುಕೊಂಡು ರೋಗಾಣುಗಳನ್ನು ಬಲಪಡಿಸುವ ದಿನ ಬರಬಹುದೆಂದು ಎಚ್ಚರಿಸಿದ್ದರು. ಆ ದಿನ ಬಂದಿದೆ. 2019ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು ತಜ್ಞರು ಅಂದಾಜು ಮಾಡಿದ್ದಾರೆ. ಅದೇ ವರ್ಷ ಭಾರತ ಸರ್ಕಾರವು ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ಮೀನು, ಜಾನುವಾರುಗಳಿಗೆ ಕೊಡುವುದನ್ನು ನಿಷೇಧಿಸಿತು. ಬೇರೆ ಔಷಧಿಗಳು ಸೋತಾಗ ಮನುಷ್ಯರ ಪ್ರಾಣ ಉಳಿಸಲು ಇಟ್ಟುಕೊಂಡ ಕೊನೆಯ ಅಸ್ತ್ರಗಳಲ್ಲಿ ಅದೂ ಒಂದು.

ಬೆಕ್ಕು ಮಗುವಿನ ಹಾಸಿಗೆಯಲ್ಲಿ ಮಲಗುತ್ತದೆ, ಅಡುಗೆಮನೆಯಲ್ಲಿ ಓಡಾಡುತ್ತದೆ, ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂರುತ್ತದೆ. ಅದರ ಮೈಯಲ್ಲಿ ಬಲಿತ ರೋಗಾಣು ಅಲ್ಲಿಗೇ ನಿಲ್ಲುವುದಿಲ್ಲ. ಔಷಧಿಗೆ ಬಗ್ಗದ ಕೀವಿನ ರೋಗಾಣುಗಳು ಸಾಕುಪ್ರಾಣಿ ಮತ್ತು ಮನೆಯವರ ನಡುವೆ ಎರಡೂ ದಿಕ್ಕಿನಲ್ಲಿ ದಾಟುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ನಾಳೆ ನಿಮ್ಮ ಮಗುವಿಗೆ ನ್ಯುಮೋನಿಯಾ ಆದಾಗ, ಹಸುವಿಗೆ ಕೆಚ್ಚಲು ಬಾವು ಆದಾಗ, ಬೇಕಾದ ಔಷಧಿ ಕೆಲಸ ಮಾಡದೆ ಹೋದರೆ ಅದರ ನಷ್ಟ ಎಷ್ಟೆಂದು ಲೆಕ್ಕ ಹಾಕಿ ನೋಡಿ.

ಹಿನ್ನೀರಿನ ಊರುಗಳ ಮಾತು

ಗೂಡಿನಲ್ಲಿ ಮಾತ್ರೆ ಕೂಡಿಡುವುದಕ್ಕೆ ಕಾರಣವಿಲ್ಲದೆ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಸಿಗಂದೂರು, ತುಮರಿ ಭಾಗದ ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ಲಾಂಚ್ ಸಿಕ್ಕರೆ ಉಂಟು, ಸಂಜೆ ಲಾಂಚ್ ನಿಂತ ಮೇಲೆ ದೂರದ ಸುತ್ತು ದಾರಿಯೇ ಗತಿ. ಮನುಷ್ಯರನ್ನೇ ಆಸ್ಪತ್ರೆಗೆ ಸಾಗಿಸುವುದು ಕಷ್ಟವಾಗಿದ್ದ ಕಡೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಳೆ ದಾಟುವವರು ಯಾರು? ಉಳಿದ ಮಾತ್ರೆಯನ್ನು ಕಷ್ಟಕಾಲಕ್ಕೆಂದು ಎತ್ತಿಡುವುದು ಅಲ್ಲಿ ಸಹಜವೇ ಆಗಿತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಆರು ದಶಕಗಳ ಅಡ್ಡಿ ತೊಲಗಿತು. ಈಗ ಸಾಗರದ ಪಶು ಆಸ್ಪತ್ರೆಗೆ ಹೋಗಿಬರಲು ಲಾಂಚಿನ ವೇಳೆ ಕಾಯಬೇಕಾಗಿಲ್ಲ. ಹೆಚ್ಚಿನ ಪರೀಕ್ಷೆ ಬೇಕಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962ಕ್ಕೆ ದೂರವಾಣಿ ಮಾಡಿ ಸಲಹೆ ಕೇಳಬಹುದು. ದಾರಿ ಬದಲಾದಂತೆ ಅಭ್ಯಾಸವೂ ಬದಲಾಗಬೇಕು.

ಬೆಕ್ಕಿನ ತಟ್ಟೆಗೆ ಬೀಳುವ ಹಾಲು

ನಮಗೆ ಅರಿವಿಲ್ಲದೆ ಬೆಕ್ಕಿಗೆ ಆಂಟಿಬಯಾಟಿಕ್ ಕೊಡುವ ಇನ್ನೊಂದು ದಾರಿಯಿದೆ. ಕೆಚ್ಚಲು ಬಾವು ಬಂದ ಹಸುವಿನ ತೊಟ್ಟಿಗೆ ವೈದ್ಯರು ಔಷಧಿಯ ಟ್ಯೂಬು ಏರಿಸುತ್ತಾರೆ. ಇಷ್ಟು ದಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ ಎನ್ನುತ್ತಾರೆ. ನೀವು ಆ ಮಾತನ್ನು ಪಾಲಿಸುತ್ತೀರಿ. ಆದರೆ ಚೆಲ್ಲಲು ಮನಸ್ಸು ಬಾರದೆ ಆ ಹಾಲನ್ನು ಬೆಕ್ಕು, ನಾಯಿ, ಕರುವಿಗೆ ಸುರಿಯುತ್ತೀರಿ.

ಆ ಹಾಲಿನಲ್ಲಿರುವ ಔಷಧಿ ರೋಗ ವಾಸಿಮಾಡುವಷ್ಟಿರುವುದಿಲ್ಲ; ರೋಗಾಣುಗಳಿಗೆ ಪಾಠ ಹೇಳಿಕೊಡುವಷ್ಟು ಇರುತ್ತದೆ. ಅಂತಹ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುವುದು ಸಂಶೋಧನೆಗಳಿಂದ ತಿಳಿದುಬಂದಿದೆ. ಬೆಕ್ಕಿನ ಹೊಟ್ಟೆಗೆ ಬೇರೆ ನಿಯಮವಿಲ್ಲ. ಆದ್ದರಿಂದ ಆ ಹಾಲನ್ನು ಬಾವಿ, ಹಳ್ಳ, ತೋಟದ ಕಾಲುವೆಯಿಂದ ದೂರದಲ್ಲಿ ಗುಂಡಿ ತೆಗೆದು ಸುರಿದು ಮುಚ್ಚಿರಿ.

ಶೀತ ಕಂಡಾಗ ಮೊದಲು ಮಾಡಬೇಕಾದ್ದು

ಬೆಕ್ಕು ಸೀನುತ್ತಿದೆ, ಆದರೆ ಚುರುಕಾಗಿದೆ, ತಿನ್ನುತ್ತಿದೆ, ಜ್ವರವಿಲ್ಲ ಎಂದಾದರೆ ಆಂಟಿಬಯಾಟಿಕ್ ಬೇಕಾಗಿಲ್ಲ. ಹತ್ತು ದಿನಗಳವರೆಗೆ ಹಾಗೆಯೇ ಕಾದು ನೋಡಬಹುದೆಂಬುದು ಇಂದು ಪಶುವೈದ್ಯ ತಜ್ಞರ ಅಭಿಪ್ರಾಯ. ಆ ದಿನಗಳಲ್ಲಿ ಬೇಕಾದದ್ದು ಆರೈಕೆ.

ಅರ್ಧ ಲೀಟರ್ ನೀರನ್ನು ಕುದಿಸಿ ಆರಿಸಿ, ಒಂದು ಚಿಕ್ಕ ಚಮಚ ಉಪ್ಪು ಕರಗಿಸಿ. ಹತ್ತಿಯನ್ನು ಅದರಲ್ಲಿ ಅದ್ದಿ ಕಣ್ಣು, ಮೂಗುಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಒರೆಸಿ. ಪ್ರತಿ ಕಣ್ಣಿಗೂ ಬೇರೆ ಹತ್ತಿ ಬಳಸಿ.

ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ. ಮೂಗು ಕಟ್ಟಿದರೆ ಊಟ ಬಿಡುತ್ತದೆ. ಆಗ ವಾಸನೆ ಹೆಚ್ಚಿರುವ ಬೆಚ್ಚಗಿನ ಆಹಾರ ಕೊಡಿ. ಮೀನು ಮಾಡುವ ಮನೆಯಲ್ಲಿ ಬೆಚ್ಚಗಿನ ಮೀನಿನ ಚೂರು. ಮಾಡದ ಮನೆಯಲ್ಲಿ ತುಪ್ಪ ಸವರಿದ ಬಿಸಿ ಹಾಲನ್ನ. ಬಾಯಿ ಹುಣ್ಣಿದ್ದರೆ ನುಣ್ಣಗೆ ಕಿವುಚಿ ಕೊಡಿ.

ಹಂಡೆಯ ನೀರು ಕಾದು ಹಬೆ ತುಂಬಿದ ಬಚ್ಚಲಲ್ಲಿ, ಹೊಗೆ ಇಲ್ಲದ ಸಮಯ ನೋಡಿ, ಹತ್ತು ಹದಿನೈದು ನಿಮಿಷ ಬೆಕ್ಕನ್ನು ಬಿಟ್ಟರೆ ಮೂಗು ಸಡಿಲವಾಗುತ್ತದೆ. ಹಬೆಗೆ ನೀಲಗಿರಿ ಎಣ್ಣೆ, ಕರ್ಪೂರ, ನೋವಿನ ಮುಲಾಮು ಹಾಕಬೇಡಿ. ಇವು ನಮಗೆ ಹಿತ, ಬೆಕ್ಕಿಗೆ ವಿಷ. ಒಲೆಯ ಹೊಗೆಯೂ ಶ್ವಾಸನಾಳವನ್ನು ಕೆರಳಿಸುತ್ತದೆ. ಒಲೆಯ ಬೂದಿಯ ಬದಲು ಬೆಚ್ಚನೆಯ ಮೂಲೆಯಲ್ಲಿ ಒಣಗಿದ ಗೋಣಿ ಹಾಸಿಕೊಡಿ.

ವೈದ್ಯರಲ್ಲಿಗೆ ಯಾವಾಗ?

ಈ ಕೆಳಗಿನ ಯಾವುದೊಂದು ಕಂಡರೂ ಕಾಯಬೇಡಿ:

1. ಬಾಯಿ ತೆರೆದು ಉಸಿರಾಡುವುದು, ಹೊಟ್ಟೆ ಎಳೆದು ಉಸಿರು ಬಿಡುವುದು. ಮಲಗಿರುವಾಗ ಉಸಿರಾಟ ನಿಮಿಷಕ್ಕೆ 40ನ್ನು ಮೀರುವುದು.

2. ಎರಡು ದಿನ ಏನನ್ನೂ ತಿನ್ನದಿರುವುದು. ಊಟ ಬಿಟ್ಟ ಬೆಕ್ಕಿನ ಪಿತ್ತಜನಕಾಂಗ ಬೇಗ ಕೆಡುತ್ತದೆ.

3. ಮೈ ಸುಡುವ ಜ್ವರ, ಮಂಕಾಗಿ ಮೂಲೆ ಸೇರುವುದು.

4. ಕಣ್ಣು ಮುಚ್ಚಿಯೇ ಇರುವುದು, ಪಾಪೆ ಬೆಳ್ಳಗಾಗುವುದು.

5. ಎರಡು ಮೂರು ತಿಂಗಳೊಳಗಿನ ಮರಿಗೆ ಶೀತವಾಗುವುದು. ಮರಿಗಳಲ್ಲಿ ರೋಗ ಬೇಗ ಶ್ವಾಸಕೋಶಕ್ಕಿಳಿಯುತ್ತದೆ.

6. ಹತ್ತು ದಿನವಾದರೂ ಗುಣವಾಗದಿರುವುದು, ಅಥವಾ ಮತ್ತೆ ಮತ್ತೆ ಮರುಕಳಿಸುವುದು.

ಇಂತಹ ಸಂದರ್ಭಗಳಲ್ಲಿ ಆಂಟಿಬಯಾಟಿಕ್ ಬೇಕಾಗಬಹುದು. ಬೇಕಾದಾಗ ಅದು ಪ್ರಾಣ ಉಳಿಸುತ್ತದೆ. ಔಷಧಿಯ ಮೇಲೆ ನಮಗೆ ದ್ವೇಷವಿಲ್ಲ. ಬಾರ್ಡಟೆಲ್ಲಾ, ಕ್ಲಮಿಡಿಯಾ, ಮೈಕೋಪ್ಲಾಸ್ಮಾ ಮೂರಕ್ಕೂ ಸಾಮಾನ್ಯವಾಗಿ ಬಗ್ಗುವ ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು ವೈದ್ಯರು ಹೆಚ್ಚಾಗಿ ಮೊದಲು ಆರಿಸುತ್ತಾರೆ. ಅದರಿಂದಲೂ ಗುಣವಾಗದಿದ್ದರೆ ಮಾದರಿ ತೆಗೆದು, ಯಾವ ರೋಗಾಣು, ಅದು ಯಾವ ಔಷಧಿಗೆ ಬಗ್ಗುತ್ತದೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆಯೇ ಇದು.

ಔಷಧಿ ಕೊಡುವ ಕ್ರಮ

ಬೆಕ್ಕಿನ ತೂಕ ಮೂರು ನಾಲ್ಕು ಕಿಲೋ. ಹಸುವಿನ ತೂಕ ಅದರ ನೂರು ಪಟ್ಟು. ಹಸುವಿಗೆ ತಂದ ಚುಚ್ಚುಮದ್ದಿನಲ್ಲಿ ಒಂದಿಷ್ಟು ಬೆಕ್ಕಿಗೂ ಎಂಬ ಅಂದಾಜು ನಡೆಯುವುದಿಲ್ಲ. ಕೆಲವು ಔಷಧಿಗಳು ಪ್ರಮಾಣ ಮೀರಿದರೆ ಬೆಕ್ಕನ್ನು ಕುರುಡಾಗಿಸುತ್ತವೆ.

ವೈದ್ಯರು ಹೇಳಿದಷ್ಟೇ ಪ್ರಮಾಣ, ಹೇಳಿದಷ್ಟೇ ದಿನ ಕೊಡಿ. ಕಡಿಮೆಯೂ ಬೇಡ, ಹೆಚ್ಚೂ ಬೇಡ. ಮಾತ್ರೆ ನುಂಗಿಸಿದ ಮೇಲೆ ಒಂದೆರಡು ಚಮಚ ನೀರು ಕುಡಿಸಿ. ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣಾಗಿ ನಾಳವೇ ಕಿರಿದಾಗುತ್ತದೆ. ಉಳಿದ ಮಾತ್ರೆಯನ್ನು ಗೂಡಿನಲ್ಲಿಡಬೇಡಿ, ಹಿನ್ನೀರಿಗೂ ಎಸೆಯಬೇಡಿ, ವೈದ್ಯರಿಗೆ ಹಿಂತಿರುಗಿಸಿ.

ಒಂದು ಮಾತನ್ನು ಮನೆಯವರೆಲ್ಲರಿಗೂ ತಿಳಿಸಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಘೋರ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ವಸಡು ಕಂದು ಅಥವಾ ನೀಲಿಗೆ ತಿರುಗಿ, ಮುಖ ಊದಿ, ಉಸಿರು ಕಟ್ಟುತ್ತದೆ. ಶೀತದಿಂದ ಉಳಿಯಬಹುದಾಗಿದ್ದ ಬೆಕ್ಕು ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದ ಸಾಯುತ್ತದೆ. ತಪ್ಪಿ ಕೊಟ್ಟಿದ್ದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ, ಏನು ಕೊಟ್ಟಿರೆಂಬುದನ್ನು ಮುಚ್ಚಿಡಬೇಡಿ.

ಬರದಂತೆ ತಡೆಯುವುದು

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಸಿಂಪಡಿಸುವವರು ನೀವು. ಬೆಕ್ಕಿನ ಶೀತಕ್ಕೂ ಮೊದಲೇ ಲಸಿಕೆ ಹಾಕಿಸಬಹುದು. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳ ಲಸಿಕೆಯನ್ನು ಮರಿಗೆ ಆರರಿಂದ ಎಂಟು ವಾರವಾದಾಗ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಕೊಡಿಸಬೇಕು. ಆ ಮೇಲೆ ವೈದ್ಯರು ಹೇಳಿದ ವೇಳೆಗೆ ಮತ್ತೆ. ಇದರಿಂದ ಶೀತ ಪೂರ್ತಿ ತಪ್ಪದಿದ್ದರೂ ಉಗ್ರವಾಗುವುದಿಲ್ಲ. ಆಂಟಿಬಯಾಟಿಕ್‌ನ ಅಗತ್ಯವೂ ಕಡಿಮೆಯಾಗುತ್ತದೆ. ಅದೇ ಸಲಕ್ಕೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ. ಬೆಕ್ಕಿನಿಂದಲೂ ಆ ರೋಗ ಬರುತ್ತದೆ.

ಶೀತವಾದ ಬೆಕ್ಕನ್ನು ಮರಿಗಳಿಂದ ಬೇರೆ ಇಡಿ. ಸೀನಿನ ಹನಿಗಳು ನಾಲ್ಕೈದು ಅಡಿ ಚಿಮ್ಮುತ್ತವೆ. ತಟ್ಟೆ, ಹಾಸು ಬೇರೆ ಇರಲಿ. ಕ್ಯಾಲಿಸಿ ವೈರಸ್ ಒಣಗಿದ ಜಾಗದಲ್ಲಿ ವಾರಗಟ್ಟಲೆ ಬದುಕುತ್ತದೆ. ಒಂದು ಪಾಲು ಬ್ಲೀಚ್ ದ್ರವಕ್ಕೆ 32 ಪಾಲು ನೀರು ಸೇರಿಸಿ ಪಾತ್ರೆ, ನೆಲ ತೊಳೆದು, ನೀರು ಹಾಕಿ ಒಣಗಿಸಿ. ಫಿನಾಯಿಲ್ ಬೇಡ, ಪಾದಕ್ಕೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದು ಅದಕ್ಕೆ ವಿಷ. ರೋಗಿ ಬೆಕ್ಕನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಕಚ್ಚಿದರೆ ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ಗಾಯ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ರೈತ ಬಾಂಧವರೇ, ಈ ಪತ್ರಿಕೆಯನ್ನು ಕೆಳಗಿಟ್ಟು ಒಮ್ಮೆ ಗೋಡೆಯ ಗೂಡು ನೋಡಿ. ಬಿಡಿಬಿಡಿಯಾಗಿ ಉಳಿದ ಮಾತ್ರೆ, ಅರ್ಧ ಖಾಲಿಯಾದ ಔಷಧಿ ಬಾಟಲಿ, ಹಸುವಿಗೆ ತಂದು ಉಳಿದ ಟ್ಯೂಬು ಇದ್ದರೆ ಒಂದು ಚೀಲಕ್ಕೆ ತುಂಬಿ, ಮುಂದಿನ ಸಲ ಪೇಟೆಗೆ ಹೋದಾಗ ವೈದ್ಯರ ಬಳಿ ಕೊಡಿ. ಆ ಗೂಡಿನಲ್ಲಿ ಪಶುವೈದ್ಯರ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಅಟ್ಟ ಕಾಯುವ ಬೆಕ್ಕಿಗೂ, ಅದರ ಜೊತೆ ಆಡುವ ಮಗುವಿಗೂ ಅದರಿಂದ ಒಳಿತು.